ಬೇಸಿಗೆಯ ಎಂಟರಿಂದ ಒಂದೂವರೆ: ಉಳಿದ ಮಧ್ಯಾಹ್ನ ಯಾರ ಪಾಲಿಗೆ?

ಮುಂಗಾರು_ಕಲಬುರಗಿ

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಅತ್ತ ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಮೇ ತಿಂಗಳು ಮುಗಿಯುವವರೆಗೆ ಇದೇ ವೇಳೆ. ಬೆಂಗಳೂರಿನ ಕಡೆಯ ಸಹೋದ್ಯೋಗಿಗಳು "ನಿಮಗೇನು, ಅರ್ಧ ದಿನದ ಕೆಲಸ" ಎನ್ನುತ್ತಾರೆ. 42–43 ಡಿಗ್ರಿ ಬಿಸಿಲಿನಲ್ಲಿ ಒಮ್ಮೆ ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಬಸ್ಸಿಗಾಗಿ ಕಾದು ನಿಂತವರು ಹಾಗೆ ಹೇಳುವುದಿಲ್ಲ.

ನಾನು ಕೇಳಬೇಕೆಂದಿರುವುದು ಬೇರೆ. ನಾನು ಪ್ರಥಮ ದರ್ಜೆ ಸಹಾಯಕಿ. ಉಳಿದ ತಿಂಗಳುಗಳಲ್ಲಿ ನಮ್ಮ ವೇಳೆ 10ರಿಂದ 5:30. ಬೇಸಿಗೆಯಲ್ಲಿ ಎರಡು ಗಂಟೆಗೆಲ್ಲ ಮನೆ ಸೇರುತ್ತೇವೆ. ನನ್ನ ಪಕ್ಕದ ಮೇಜಿನ ಸಹೋದ್ಯೋಗಿ ಊಟ ಮಾಡಿ ಕೂಲರ್ ಮುಂದೆ ಮಲಗಿ, ಸಂಜೆ ಅಪ್ಪನ ಕೆರೆಯ ಕಡೆ ಒಂದು ಸುತ್ತು ಹಾಕಿ ಬರುತ್ತಾರೆ. ಒಳ್ಳೆಯದೇ, ಅದಕ್ಕಾಗಿಯೇ ಆ ಆದೇಶವಿರುವುದು. ಆದರೆ ಎಂಟಕ್ಕೆ ಹಾಜರಿ ಹಾಕಬೇಕಾದರೆ ಮನೆಯ ಅಡುಗೆ, ಡಬ್ಬಿ, ನೀರು ತುಂಬುವುದು ಎಲ್ಲವೂ ಎರಡು ಗಂಟೆ ಮುಂಚೆ ಆಗಬೇಕು. ಆ ಎರಡು ಗಂಟೆ ನನ್ನ ನಿದ್ದೆಯಿಂದ ಹೋಗುತ್ತದೆ. ಮಧ್ಯಾಹ್ನ ಬಂದರೆ ಶಾಲೆಗೆ ರಜೆ ಸಿಕ್ಕ ಮಕ್ಕಳು, ಮಾಳಿಗೆಯ ಮೇಲೆ ಶಂಡಿಗೆ, ವರ್ಷದ ಖಾರದ ಪುಡಿ, ಬೇಳೆ ಒಣಗಿಸಿ ಡಬ್ಬಕ್ಕೆ ತುಂಬುವುದು. ಬೇಸಿಗೆ ಕಳೆದರೆ ಆ ಕೆಲಸಗಳು ಆಗುವುದಿಲ್ಲ. ಒಂದೇ ಆದೇಶ, ಒಂದೇ ಕಚೇರಿ. ಆದರೆ ಅವರ ಮಧ್ಯಾಹ್ನವೇ ಬೇರೆ, ನನ್ನ ಮಧ್ಯಾಹ್ನವೇ ಬೇರೆ.

ಇನ್ನೊಂದು ವಿಷಯ ಬಹಳ ದಿನಗಳಿಂದ ತಲೆಯಲ್ಲಿದೆ. 2019ರ ಜೂನ್‌ನಲ್ಲಿ ನಮಗೆ ನಾಲ್ಕನೇ ಶನಿವಾರವೂ ರಜೆಯಾಯಿತು. ಅದರ ಜೊತೆಗೆ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿದರು. ಲೆಕ್ಕ ಹಾಕಿದರೆ ನೌಕರರಿಗೆ ಲಾಭವೇ. ಆದರೂ ನನಗೆ ಆ ಐದು ದಿನಗಳ ಮೇಲೆ ಈಗಲೂ ಮನಸ್ಸಿದೆ. ಏಕೆಂದರೆ ಸಾಂದರ್ಭಿಕ ರಜೆ ನನಗೆ ಬೇಕಾದ ದಿನ ಸಿಗುತ್ತಿತ್ತು. ಮಗಳಿಗೆ ಜ್ವರ ಬಂದ ದಿನ, ಅವ್ವನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವ ದಿನ. ಶನಿವಾರ ಪಂಚಾಂಗಕ್ಕೆ ಬೇಕಾದ ದಿನ ಬರುತ್ತದೆ. ಹಾಗಾಗಿ ಎಷ್ಟು ಗಂಟೆ ಬಿಡುವು ಎಂಬುದಕ್ಕಿಂತ, ಆ ಗಂಟೆಯನ್ನು ಆರಿಸುವವರು ಯಾರು ಎಂಬುದೇ ನನಗೆ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ.

ಬೇರೆ ಬೇರೆ ಕೆಲಸದಲ್ಲಿರುವವರು ಹೇಳಿ: ನಿಮ್ಮ ದಿನವನ್ನು ಪಾಲು ಮಾಡುವವರು ಯಾರು?

ಎರೆಹೊಲ_ಜೇವರ್ಗಿ

ಅಕ್ಕ, ನೀವು ಹೇಳಿದ್ದು ಸರಿ. ಆದರೆ ಕೌಂಟರ್‌ನ ಈಚೆ ಕಡೆಯಿಂದಲೂ ಒಮ್ಮೆ ನೋಡಬೇಕು. ನಮ್ಮ ಹಳ್ಳಿಯಿಂದ ಮೊದಲ ಬಸ್ ಹಿಡಿದು, ಜೇವರ್ಗಿಯಲ್ಲಿ ಇಳಿದು, ಮತ್ತೊಂದು ಬಸ್ಸಿನಲ್ಲಿ ಕಲಬುರಗಿಗೆ ಬಂದು, ಕಚೇರಿ ಹುಡುಕುವ ಹೊತ್ತಿಗೆ ಹನ್ನೊಂದು ದಾಟಿರುತ್ತದೆ. "ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ಕುಳಿತುಕೊಳ್ಳಿ" ಎನ್ನುತ್ತಾರೆ. ಕುಳಿತಿರುವಾಗಲೇ ಒಂದೂವರೆ ಆಗುತ್ತದೆ. ಮರುದಿನ ಮತ್ತೆ ಬರಬೇಕು. ನಿಮಗೆ ಉಳಿದ ಮಧ್ಯಾಹ್ನ ನಮ್ಮ ಇಡೀ ದಿನದಿಂದ ಬಂದಿರುತ್ತದೆ. ಕಚೇರಿ ಬೇಗ ಮುಚ್ಚಬಾರದು ಎಂದು ನಾನು ಹೇಳುತ್ತಿಲ್ಲ. ಬಿಸಿಲು ಎಲ್ಲರಿಗೂ ಬಿಸಿಲೇ. ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಡುವ ಒಬ್ಬರಾದರೂ ಸರದಿಯ ಮೇಲೆ ಸಂಜೆವರೆಗೆ ಇದ್ದರೆ ಸಾಕು.

ಇನ್ನು ನನ್ನ ದಿನದ ವಿಷಯ. ರೈತನಿಗೆ ಎಂಟು ಗಂಟೆ, ಹತ್ತು ಗಂಟೆ ಎಂಬ ಲೆಕ್ಕವಿಲ್ಲ. ಜೂನ್–ಜುಲೈನಲ್ಲಿ ಮಳೆ ನೋಡಿ ತೊಗರಿ ಬಿತ್ತಿದರೆ ಡಿಸೆಂಬರ್–ಜನವರಿಯಲ್ಲಿ ರಾಶಿ. ಬಿತ್ತುವ ವಾರದಲ್ಲಿ ಊಟದ ನೆನಪೂ ಇರುವುದಿಲ್ಲ. ಗಿಡ ಎದೆಮಟ್ಟಕ್ಕೆ ಬಂದು ಹೂ ಕಟ್ಟುವಾಗ ಕಾಯುವುದೇ ಕೆಲಸ. ಕೊಯ್ಲಿನಲ್ಲಿ ಬೆಳಕು ಹರಿಯುವ ಮುಂಚೆ ಹೊಲದಲ್ಲಿರಬೇಕು, ಬಿಸಿಲೇರಿದರೆ ಒಣಗಿದ ಕಾಯಿ ಸಿಡಿದು ಕಾಳು ನೆಲದ ಪಾಲಾಗುತ್ತದೆ.

ಆದರೆ ನಮ್ಮ ಹಿರಿಯರು ಒಂದು ಕಟ್ಟಳೆ ಇಟ್ಟಿದ್ದರು. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಅದು ಬಸವಣ್ಣನ ದಿನ. ಮಳೆ ಎಷ್ಟೇ ಹದವಾಗಿ ಬಿದ್ದಿರಲಿ, ಸೋಮವಾರ ಕುಂಟೆ ಹೊಡೆಯುತ್ತಿರಲಿಲ್ಲ. ನಮ್ಮ ಮುತ್ತ್ಯಾ (ಅಜ್ಜ) ಆ ದಿನ ಎತ್ತುಗಳ ಮೈ ತೊಳೆದು, ಕಣಕಿ ಹಾಕಿ, ತಾನೂ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಎತ್ತಿಗೆ ಬಿಡುವು ಸಿಕ್ಕರೆ ಎತ್ತು ಹೊಡೆಯುವವನಿಗೂ ಬಿಡುವು. ಈಗ ಮನೆಯಲ್ಲಿ ಎತ್ತುಗಳಿಲ್ಲ. ಟ್ರ್ಯಾಕ್ಟರ್ ಬಾಡಿಗೆ ಗಂಟೆಯ ಲೆಕ್ಕ, ಅದರ ಸರದಿ ಸೋಮವಾರ ಬಂದರೆ ಸೋಮವಾರವೇ ಹೊಲ ಹೊಡೆಸಬೇಕು. ಟ್ರ್ಯಾಕ್ಟರ್ ಬಂದು ಮೈ ಹಗುರಾಯಿತು, ಸುಳ್ಳು ಹೇಳುವುದಿಲ್ಲ. ವಾರಕ್ಕೊಂದು ದಿನ ಯಾರೂ ಕೇಳದೆ ಸಿಗುತ್ತಿದ್ದ ವಿಶ್ರಾಂತಿ ಮಾತ್ರ ಹೊರಟುಹೋಯಿತು. ಅದನ್ನು ಮತ್ತೆ ಯಾರೂ ಗೊತ್ತುಮಾಡಲಿಲ್ಲ.

ಬೇಳೆಗಿರಣಿ

ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್‌ನಲ್ಲಿ ಮೇಲ್ವಿಚಾರಕನಾಗಿದ್ದೇನೆ. ನೇರವಾಗಿ ಹೇಳುತ್ತೇನೆ, ದಿನಕ್ಕೆ ಎಂಟೇ ಗಂಟೆ ದುಡಿಮೆ ಎಂಬ ಮಾತು ವರ್ಷವಿಡೀ ಕೆಲಸವಿರುವವರ ಮಾತು. ನಮ್ಮಲ್ಲಿ ತೊಗರಿ ಆವಕ ಇರುವ ತಿಂಗಳುಗಳಲ್ಲಿ ಕೆಲಸವೇ ಕೆಲಸ. ಕಾಳಿಗೆ ಎಣ್ಣೆ ಸವರಿ, ಅಂಗಳದಲ್ಲಿ ಹರವಿ ಬಿಸಿಲಿಗೆ ಒಣಗಿಸಿ, ರಾತ್ರಿ ರಾಶಿ ಮಾಡಿ ಮುಚ್ಚಿ, ಮತ್ತೆ ಹರವಿ, ಆಮೇಲೆ ಒಡೆಯುವುದು. ಮೋಡ ಕವಿದರೆ ಎಲ್ಲವೂ ನಿಲ್ಲುತ್ತದೆ. ಬಿಸಿಲು ಬಿದ್ದ ದಿನ ಹೊತ್ತು ನೋಡಲು ಆಗುವುದಿಲ್ಲ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಮೇಲೆ ಹೆಸರೂ ಬಂದಿದೆ, ಗಿರಾಕಿಗಳ ನಿರೀಕ್ಷೆಯೂ ಹೆಚ್ಚಿದೆ.

ಕೆಲಸಗಾರರೇ ಬಂದು "ಇನ್ನೆರಡು ಗಂಟೆ ಕೊಡಿ" ಎನ್ನುತ್ತಾರೆ. ಮಳೆಗಾಲದಲ್ಲಿ ಕೆಲಸ ಕಡಿಮೆ, ಆಗ ಅವರೇ ಪುಣೆ, ಹೈದರಾಬಾದ್ ಕಡೆ ಗುಳೆ ಹೋಗುತ್ತಾರೆ. ಈಗ ದುಡಿದುಕೊಂಡರೆ ಆಗ ಊರಲ್ಲೇ ಇರಬಹುದು ಎಂಬುದು ಅವರ ಲೆಕ್ಕ. ಹೀಗಿರುವಾಗ ಕೆಲಸ ಬೇರೆ, ಬದುಕು ಬೇರೆ ಎಂದು ದಿನದಿನಕ್ಕೆ ಗೆರೆ ಎಳೆಯುವುದು ಹೇಗೆ? ನಮ್ಮ ಜನ ಆ ಗೆರೆಯನ್ನು ವರ್ಷಕ್ಕೆ ಎಳೆಯುತ್ತಾರೆ. ಅದಕ್ಕೂ ಒಂದು ಬೆಲೆ ಕೊಡಿ.

ಗಂಜ್_ಹುಡುಗ

ಸರ್, ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪುತ್ತೇನೆ. ನನ್ನ ಅಪ್ಪ ನೆಹರು ಗಂಜ್‌ನಲ್ಲಿ ಹಮಾಲ. ಚೀಲಕ್ಕೆ ಇಷ್ಟು ಎಂದು ಕೂಲಿ. ಚೀಲ ಬಂದರೆ ದುಡಿಮೆ, ಬರದಿದ್ದರೆ ಕಟ್ಟೆಯ ಮೇಲೆ ಕುಳಿತು ಕಾಯುವುದು. ಆ ಕಾಯುವ ಹೊತ್ತಿಗೆ ಯಾರೂ ಕೂಲಿ ಕೊಡುವುದಿಲ್ಲ, ಮನೆಗೆ ಹೋಗಲೂ ಆಗುವುದಿಲ್ಲ, ಯಾವಾಗ ಲಾರಿ ಬರುತ್ತದೆಯೋ ಗೊತ್ತಿಲ್ಲ. ಅಪ್ಪನ ಜೀವನದಲ್ಲಿ ಕೆಲಸವೂ ಅಲ್ಲದ, ಬಿಡುವೂ ಅಲ್ಲದ ಇಂಥ ಗಂಟೆಗಳೇ ಹೆಚ್ಚು. ತುಂಬಿದ ಚೀಲಗಳ ನೆರಳಿನಲ್ಲಿ ಟವೆಲ್ ಹಾಸಿ ಮಲಗಿದವರನ್ನು ನೋಡಿ "ಹಮಾಲರು ಆರಾಮಾಗಿದ್ದಾರೆ" ಎನ್ನುವವರಿದ್ದಾರೆ. ಅದು ಆರಾಮವಲ್ಲ, ಹಾಜರಿ.

ಉಳಿದರ್ಧದ ಬಗ್ಗೆ ಕಾನೂನು ಓದಿದವನಾಗಿ ಹೇಳುತ್ತೇನೆ (ಇಲ್ಲಿಯ ಹೈಕೋರ್ಟ್ ಪೀಠದಲ್ಲಿ ಕಿರಿಯ ವಕೀಲ). ಹೆಚ್ಚು ಗಂಟೆ ದುಡಿಯಲು ಕೆಲಸಗಾರರೇ ಕೇಳುತ್ತಾರೆ ಎಂದಿರಿ. 1948ರ ಕಾರ್ಖಾನೆಗಳ ಕಾಯ್ದೆ ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ ಎಂದು ಮಿತಿ ಇಟ್ಟಿತು. ಮೀರಿದ ಹೊತ್ತಿಗೆ ಎರಡು ಪಟ್ಟು ಕೂಲಿ ಎಂದಿತು. ಐದು ಗಂಟೆ ದುಡಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಲೇಬೇಕು ಎಂದಿತು. ಅದಕ್ಕೂ ಮೊದಲು ವಾರಕ್ಕೆ 54 ಗಂಟೆ ಇತ್ತು. 1946ರ ತಿದ್ದುಪಡಿಯಲ್ಲಿ 48ಕ್ಕೆ ಇಳಿಯಿತು. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಬಾಬಾಸಾಹೇಬ್ ಅಂಬೇಡ್ಕರ್ ಅವರ ಬಳಿ ಇತ್ತು. ಏಪ್ರಿಲ್ 14ರಂದು ಜಗತ್ ವೃತ್ತದಲ್ಲಿ ಹಾರ ಹಾಕುವ ನಮಗೆಲ್ಲ ಇದು ಬಾಯಿಪಾಠವಾಗಿರಬೇಕಿತ್ತು.

ಎರಡು ಪಟ್ಟು ಎಂಬುದು ಕೆಲಸಗಾರನಿಗೆ ಬಹುಮಾನವಷ್ಟೇ ಅಲ್ಲ. ಹೆಚ್ಚು ಹೊತ್ತು ದುಡಿಸುವ ಮೊದಲು ಮಾಲೀಕ ಯೋಚಿಸಲಿ ಎಂಬುದೇ ಅದರ ಒಳಗಿನ ಉದ್ದೇಶ. ನಿಮ್ಮ ಮಿಲ್‌ನಲ್ಲಿ ಆ "ಇನ್ನೆರಡು ಗಂಟೆ"ಗೆ ಎರಡು ಪಟ್ಟು ಸಿಗುತ್ತಿದೆಯೇ? ಸಿಗುತ್ತಿದ್ದರೆ ನನ್ನ ತಕರಾರಿಲ್ಲ.

ಬೇಳೆಗಿರಣಿ

ಕಾಯಂ ನೌಕರರಿಗೆ ಸಿಗುತ್ತಿದೆ. ಗುತ್ತಿಗೆಯವರ ಮೂಲಕ ಬಂದವರಿಗೆ ಎಷ್ಟು ಸಿಗುತ್ತದೆ ಎಂಬುದನ್ನು ಗುತ್ತಿಗೆದಾರರೇ ನೋಡಿಕೊಳ್ಳುತ್ತಾರೆ.

ಸಿಶಿಫ್ಟ್_ಸೇಡಂ

"ಗುತ್ತಿಗೆದಾರರೇ ನೋಡಿಕೊಳ್ಳುತ್ತಾರೆ" ಎಂಬ ಈ ಒಂದು ವಾಕ್ಯದಲ್ಲಿ ನಮ್ಮ ಭಾಗದ ಅರ್ಧ ಜನರ ಬದುಕು ಕಳೆದುಹೋಗುತ್ತಿದೆ ಸರ್. ನಿಮ್ಮ ಮೇಲೆ ಸಿಟ್ಟಿಲ್ಲ, ನೀವೂ ಸಂಬಳದವರೇ.

ನಾನು ಸಿಮೆಂಟ್ ಕಾರ್ಖಾನೆಯಲ್ಲಿದ್ದೇನೆ, ಯಾವುದು ಎಂಬುದು ಇಲ್ಲಿ ಬೇಡ. ವಾಡಿ, ಸೇಡಂ, ಮಳಖೇಡ, ಚಿತ್ತಾಪುರದ ಸುತ್ತ ಸುಣ್ಣದ ಕಲ್ಲು ಇರುವಲ್ಲೆಲ್ಲ ಕಾರ್ಖಾನೆಗಳಿವೆ, ಎಲ್ಲ ಕಡೆಯೂ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಪಾಳಿ. ಕಿಲ್ನ್, ಅಂದರೆ ಕಲ್ಲು ಸುಡುವ ಕುಲುಮೆ, ನಿಲ್ಲಿಸುವಂತಿಲ್ಲ. ಒಳಗೆ 1,400 ಡಿಗ್ರಿಗೂ ಮೀರಿದ ಬೆಂಕಿ. ತಣಿಸಿ ಮತ್ತೆ ಕಾಯಿಸಿದರೆ ಒಳಗಿನ ಇಟ್ಟಿಗೆಯ ಹೊದಿಕೆ ಬಿರುಕು ಬಿಡುತ್ತದೆ. ಆದ್ದರಿಂದ ದೀಪಾವಳಿಗೂ ಅದು ಉರಿಯುತ್ತಲೇ ಇರುತ್ತದೆ, ಯಾರಾದರೊಬ್ಬರು ಅದರ ಮುಂದೆ ಇರಲೇಬೇಕು. ಇದನ್ನು ನಾವು ಒಪ್ಪಿಕೊಂಡೇ ಸೇರಿದ್ದೇವೆ.

ಒಪ್ಪದೆ ಬಂದದ್ದು "ಡಬಲ್". ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ಸಿ ಶಿಫ್ಟ್ ಮುಗಿಸಿ, ಕೈಕಾಲು ತೊಳೆದು, ಸೈಕಲ್ ಸ್ಟ್ಯಾಂಡ್‌ವರೆಗೆ ಬಂದಿರುತ್ತೇವೆ. "ರಿಲೀವರ್ ಬಂದಿಲ್ಲ, ನೀನೇ ಮುಂದುವರಿಸು" ಎಂದು ಕರೆ ಬರುತ್ತದೆ. ಇಲ್ಲ ಎಂದರೆ ಮುಂದಿನ ತಿಂಗಳ ಗೇಟ್ ಪಾಸ್ ನವೀಕರಣಕ್ಕೆ ತೊಂದರೆ. ಹೀಗೆ ಹದಿನಾರು ಗಂಟೆ ನಿಂತು ಮನೆಗೆ ಬಂದರೆ ಮಧ್ಯಾಹ್ನದ ನಿದ್ದೆ. ಫರಸಿ ಕಲ್ಲಿನ ಮಾಳಿಗೆಯ ಮನೆ. ಮೇಲಿನ ಕಲ್ಲು ಬಿಸಿಲಿಗೆ ಕಾದು ರಾತ್ರಿಯವರೆಗೂ ತಣಿಯುವುದಿಲ್ಲ. ನೆಲದ ಕಲ್ಲಿನ ಮೇಲೆ ನೀರು ಚಿಮುಕಿಸಿ, ಕಿಟಕಿಗೆ ಒದ್ದೆ ಚಾದರ ಕಟ್ಟಿ, ಬರಿ ನೆಲದ ಮೇಲೆ ಮಲಗುತ್ತೇನೆ. ಹೆಂಡತಿ ಕುಕ್ಕರ್ ಇಡುವುದಿಲ್ಲ, ಸೀಟಿಗೆ ಎಚ್ಚರವಾಗುತ್ತದೆ ಎಂದು. ಮಗ ಮನೆಯಲ್ಲಿ ಪಿಸುಮಾತಿನಲ್ಲೇ ಮಾತು ಕಲಿತ. ನನ್ನ ಪಾಳಿ ಅವರಿಗೂ ಪಾಳಿ, ಸಂಬಳ ಮಾತ್ರ ನನಗೊಬ್ಬನಿಗೆ. ಇದನ್ನು ಯಾವ ಕಾಯ್ದೆಯೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

2023ರಲ್ಲಿ ನಮ್ಮ ರಾಜ್ಯದಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದರು. ವಾರಕ್ಕೆ 48 ಗಂಟೆಯನ್ನು ಮೀರದಂತೆ ದಿನಕ್ಕೆ 12 ಗಂಟೆಯವರೆಗೆ ದುಡಿಸಬಹುದು, ಮೂರು ತಿಂಗಳಲ್ಲಿ 75 ಗಂಟೆ ಇದ್ದ ಹೆಚ್ಚುವರಿ ಕೆಲಸದ ಮಿತಿ 145 ಗಂಟೆಗೆ ಏರಿತು. ನಾಲ್ಕು ದಿನ ದುಡಿದು ಮೂರು ದಿನ ಮನೆಯಲ್ಲಿರಬಹುದು ಎಂದು ಬಣ್ಣಿಸಿದರು. ಬೆಂಗಳೂರಿನ ತಂಪು ಕಟ್ಟಡದೊಳಗೆ ಅದು ಸರಿ ಇರಬಹುದು. ಕಿಲ್ನ್ ಪಕ್ಕದಲ್ಲಿ ಮೇ ತಿಂಗಳಲ್ಲಿ ಒಂಬತ್ತನೇ ಗಂಟೆಯೂ ಹನ್ನೆರಡನೇ ಗಂಟೆಯೂ ಒಂದೇ ಅಲ್ಲ. ಗಂಟೆಗಳನ್ನು ಹೀಗೆ ಅಲ್ಲಿಂದಿಲ್ಲಿಗೆ ಸರಿಸಬಹುದು ಎಂದುಕೊಂಡವರು ಆ ಗಂಟೆಯನ್ನು ಮೈಯಲ್ಲಿ ಅನುಭವಿಸಿದವರಲ್ಲ.

ನಮ್ಮ ಸಂಘದಿಂದ ಈ ಬಾರಿ ಒಂದು ಸಣ್ಣ ಬೇಡಿಕೆ ಇಟ್ಟಿದ್ದೇವೆ. ಪಾಳಿ ಬದಲಾಗುವಾಗ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಮುಂದಕ್ಕೆ ಹೋಗಬೇಕು. ಈಗಿರುವಂತೆ ಹಿಂದಕ್ಕೆ ಅಲ್ಲ. ತಡವಾಗಿ ಮಲಗುವುದಕ್ಕೆ ಮೈ ಒಗ್ಗುತ್ತದೆ, ಬೇಗ ಮಲಗುವುದಕ್ಕೆ ಒಗ್ಗುವುದಿಲ್ಲ. ಕಂಪನಿಗೆ ಇದರಿಂದ ಒಂದು ರೂಪಾಯಿಯೂ ಖರ್ಚಿಲ್ಲ. ಡಬಲ್ ವಿಷಯ ಮುಂದಿನದು.

ವಾಡಿಜಂಕ್ಷನ್

ಅಣ್ಣ, ನಾನೂ ವಾಡಿಯವನು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ತಂಪು ಕಟ್ಟಡದೊಳಗೆ ಎಲ್ಲವೂ ಸರಿ ಇದೆ ಎಂದೇನೂ ಇಲ್ಲ, ಆದರೆ ನಿಮ್ಮ ಹದಿನಾರು ಗಂಟೆ ಓದಿದ ಮೇಲೆ ನನ್ನದನ್ನು ಹೇಳಲು ಸಂಕೋಚವಾಗುತ್ತದೆ.

ಒಂದೇ ಮಾತು ಹೇಳುತ್ತೇನೆ. 2023ರ ಅಕ್ಟೋಬರ್‌ನಲ್ಲಿ ಎನ್.ಆರ್. ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಬಂತು. ದೇಶವೆಲ್ಲ ವಾರಗಟ್ಟಲೆ ಚರ್ಚಿಸಿತು. ಆ ಚರ್ಚೆಯಲ್ಲಿ ನಮ್ಮ ಊರಿನ ಕಡೆ ಆಗಲೇ ಅಷ್ಟು ಗಂಟೆ ದುಡಿಯುತ್ತಿರುವವರನ್ನು ಯಾರೂ ಕರೆಯಲಿಲ್ಲ. ನನ್ನ ಅವ್ವ ಜೀವನಪೂರ್ತಿ ಅದಕ್ಕಿಂತ ಹೆಚ್ಚು ದುಡಿದಿದ್ದಾಳೆ. ಅದರಿಂದ ದೇಶ ಎಷ್ಟು ಮುಂದೆ ಹೋಯಿತು ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಕೊರೊನಾ ಕಾಲದಲ್ಲಿ ಮನೆಯಿಂದ ಕೆಲಸ ಮಾಡಿದ ದಿನಗಳಲ್ಲಿ ವಾಡಿಯಲ್ಲೇ ಇದ್ದೆ. ಅದೇ ಕೆಲಸ, ಅದೇ ಸಂಬಳ. ರಾತ್ರಿ ಅವ್ವನ ಜೊತೆ ಊಟ. ಆಮೇಲೆ ಕಚೇರಿಗೆ ಬರಲೇಬೇಕು ಎಂದರು. ಈಗ ಹಬ್ಬಕ್ಕೆ ಬರಬೇಕಾದರೆ ಬಸವ ಎಕ್ಸ್‌ಪ್ರೆಸ್ ಅಥವಾ ಉದ್ಯಾನ್‌ನಲ್ಲಿ ಟಿಕೆಟ್‌ಗಾಗಿ ತಿಂಗಳುಗಳ ಮೊದಲೇ ಹೋರಾಟ. 2024ರ ಮಾರ್ಚ್‌ನಲ್ಲಿ ವಂದೇ ಭಾರತ್ ಬಂದದ್ದು ಒಳ್ಳೆಯದಾಯಿತು, ಆದರೆ ಅದು ಹಗಲಿನ ರೈಲು, ರಜೆಯ ಒಂದು ಹಗಲು ಅದರಲ್ಲೇ ಹೋಗುತ್ತದೆ. ಕಲಬುರಗಿಯಲ್ಲೇ ಇಂಥ ಕೆಲಸಗಳು ಬಂದರೆ ಕಡಿಮೆ ಸಂಬಳಕ್ಕೂ ಬರುವವರಲ್ಲಿ ನಾನೇ ಮೊದಲಿಗ. ನಮ್ಮ ಕಡೆಯ ಹುಡುಗರಿಗೆ ಸಂವಿಧಾನದ 371 (ಜೆ) ವಿಧಿಯ ಮೀಸಲಾತಿ ಸರ್ಕಾರಿ ನೌಕರಿಯಲ್ಲಿ ಬಾಗಿಲು ತೆರೆದಿದೆ. ಖಾಸಗಿಯಲ್ಲಿ ಊರಲ್ಲೇ ಉಳಿಯುವ ದಾರಿ ಇನ್ನೂ ಇಲ್ಲ.

ರೊಟ್ಟಿಬುಟ್ಟಿ

ನಾನು ಓದಿದವಳಲ್ಲ, ಮಗ ಬರೆದುಕೊಡುತ್ತಿದ್ದಾನೆ. ಕಲಬುರಗಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ಮೆಸ್ಸುಗಳಿಗೆ ಬಿಸಿ ರೊಟ್ಟಿ, ಅಂಗಡಿಗಳಿಗೆ ಖಡಕ್ ರೊಟ್ಟಿ. ನಮ್ಮ ಓಣಿಯಲ್ಲಿ ಇನ್ನೂ ಕೆಲವರು ಇದೇ ಕೆಲಸದವರಿದ್ದೇವೆ.

ಜೋಳದ ಹಿಟ್ಟು ಬಹಳ ದಿನ ಇಟ್ಟರೆ ಜಿಗುಟು ಹೋಗುತ್ತದೆ, ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಅದಕ್ಕೆ ಎರಡು ದಿನಕ್ಕೊಮ್ಮೆ ಗಿರಣಿಗೆ ಹೋಗಬೇಕು. ಕುದಿಯುವ ನೀರು ಹಾಕಿ, ಕೈ ಸುಡುತ್ತಿರುವಾಗಲೇ ನಾದಬೇಕು. ಆರಿದ ಮೇಲೆ ನಾದಿದರೆ ಹದ ಬರುವುದಿಲ್ಲ. ಬಡಿಯುವಾಗ ಅಂಗೈ ಒಂದೇ ಸಮನೆ ತಿರುಗಬೇಕು. ಹಂಚಿನ ಮೇಲೆ ಹಾಕಿದ ಕೂಡಲೇ ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಬೇಕು. ಒಂದು ಕ್ಷಣ ಹೆಚ್ಚುಕಡಿಮೆಯಾದರೆ ಉಬ್ಬುವುದಿಲ್ಲ. ಇದು ಬೆಳಗಿನ ಜಾವ ಮೂರೂವರೆಗೆ ಶುರು. ಬಿಸಿಲಿನ ದಿನಗಳಲ್ಲಿ ಎಂಟಕ್ಕೆಲ್ಲ ಒಲೆ ಆರಿಸುತ್ತೇನೆ, ಆಮೇಲೆ ತಗಡಿನ ಕೋಣೆಯಲ್ಲಿ ಕೂಡಲು ಆಗುವುದಿಲ್ಲ.

ನಾನು ಹೇಳಬೇಕೆಂದಿರುವುದು ಇದು. ಬೆಳಿಗ್ಗೆ ಮೆಸ್ಸಿನವರಿಗೆ ಬಡಿದ ರೊಟ್ಟಿ ಕೆಲಸ. ಅದಕ್ಕೆ ಲೆಕ್ಕವಿದೆ, ದುಡ್ಡಿದೆ, ಮಗನ ಕಾಲೇಜು ಫೀಸು ಅದರಿಂದಲೇ. ಸಂಜೆ ಮನೆಯವರಿಗೆ ಅದೇ ಹಿಟ್ಟು, ಅದೇ ಹಂಚು, ಅದೇ ಕೈ. ಅದನ್ನು ಯಾರೂ ಕೆಲಸ ಎನ್ನುವುದಿಲ್ಲ. "ದಿನವೆಲ್ಲ ರೊಟ್ಟಿ ಬಡಿಯುತ್ತೀಯಲ್ಲ, ಮನೆಗೆ ನಾಲ್ಕು ಬಡಿಯುವುದು ಯಾವ ಲೆಕ್ಕ" ಎನ್ನುತ್ತಾರೆ. ಲೆಕ್ಕವಿದೆ. ನನ್ನ ಭುಜಕ್ಕೆ ಗೊತ್ತಿದೆ.

ಬಿಡುವು ಎಂದರೆ ನನಗೆ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಣ್ಣಿಮೆಗೊಮ್ಮೆ ಗಾಣಗಾಪುರಕ್ಕೆ ಹೋಗಿ ಬರುತ್ತೇನೆ. ಮೊದಲು ಹೋಗಬೇಕೆಂದರೆ ಬಸ್ ಚಾರ್ಜಿಗೆ ಕೈ ಚಾಚಬೇಕಿತ್ತು. ಕೈ ಚಾಚಿದರೆ ಏಕೆ, ಯಾರ ಜೊತೆ, ಎಷ್ಟೊತ್ತಿಗೆ ಎಂಬ ಪ್ರಶ್ನೆಗಳು. ಈಗ ಆಧಾರ್ ಕಾರ್ಡ್ ಹಿಡಿದು ಬಸ್ ಹತ್ತುತ್ತೇನೆ. ದೇವರ ದರ್ಶನ ಬೇಗ ಮುಗಿಯುತ್ತದೆ. ಭೀಮಾ ನದಿಯ ಮೆಟ್ಟಿಲ ಮೇಲೆ ಕುಳಿತುಕೊಳ್ಳುತ್ತೇನೆ. ಆ ಹೊತ್ತಿನಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ಗಂಜ್_ಹುಡುಗ

ಅಮ್ಮ, ನಿಮ್ಮ ಮಾತಿಗೆ ಸರ್ಕಾರದ ಲೆಕ್ಕವೂ ಇದೆ. ಕೇಂದ್ರದ ಸಾಂಖ್ಯಿಕ ಇಲಾಖೆ 2019ರಲ್ಲಿ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡಿದವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಮಾಡಿದಾಗ ಹೆಂಗಸರದ್ದು 289ಕ್ಕೆ ಇಳಿದಿತ್ತು. ಗಂಡಸರದ್ದು ಏರಬೇಕಿತ್ತಲ್ಲವೇ? ಅದೂ ಇಳಿದು 88 ಆಗಿತ್ತು. ಐದು ವರ್ಷಗಳಲ್ಲಿ ಹೆಂಗಸರಿಗೆ ಸಿಕ್ಕ ಆ ಹತ್ತು ನಿಮಿಷವನ್ನು ಗಂಡಸರು ಬಿಟ್ಟುಕೊಟ್ಟದ್ದಲ್ಲ, ಮಿಕ್ಸರ್, ನಲ್ಲಿ, ಗ್ಯಾಸ್‌ಗಳಿಂದ ಬಂದಿರಬೇಕು ಎಂಬುದು ನನ್ನ ಊಹೆ.

ಆಶಾ_ಸುರಪುರ

ನಾನು ಯಾದಗಿರಿ ಜಿಲ್ಲೆಯ ಆಶಾ ಕಾರ್ಯಕರ್ತೆ. ರಾತ್ರಿ ಎರಡಕ್ಕೆ ಹೆರಿಗೆ ನೋವು ಬಂದರೆ ನಮ್ಮ ಫೋನ್ ಹೊಡೆದುಕೊಳ್ಳುತ್ತದೆ. 108 ಬರುವವರೆಗೆ, ಆಮೇಲೆ ಆಸ್ಪತ್ರೆಯಲ್ಲಿ ಹೆರಿಗೆಯಾಗುವವರೆಗೆ ಜೊತೆಯಲ್ಲಿರಬೇಕು. ಬೆಳಿಗ್ಗೆ ಮತ್ತೆ ಮನೆಮನೆ ಭೇಟಿ, ಮೊಬೈಲ್‌ನಲ್ಲಿ ಮಾಹಿತಿ ತುಂಬುವುದು. ಕಾಗದದ ಮೇಲೆ ನಾವು ಸ್ವಯಂಸೇವಕಿಯರು, ನೌಕರರಲ್ಲ. ಆದ್ದರಿಂದ ನಮಗೆ ಕೆಲಸದ ವೇಳೆಯೇ ಇಲ್ಲ. ವೇಳೆ ಇಲ್ಲದವರಿಗೆ ರಜೆ ಎಲ್ಲಿಂದ ಬರಬೇಕು?

2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ನಮ್ಮ ಅಕ್ಕತಂಗಿಯರು ಚಳಿಯಲ್ಲಿ ರಾತ್ರಿ ಕಳೆದದ್ದು ಗೌರವಧನಕ್ಕಾಗಿ. ಅದು ಬೇಕೇ ಬೇಕು. ನನ್ನನ್ನು ಕೇಳಿದರೆ ಅದರ ಜೊತೆಗೆ ಇನ್ನೊಂದು ಬೇಕು: ಪಕ್ಕಪಕ್ಕದ ಇಬ್ಬರು ಆಶಾಗಳಿಗೆ ರಾತ್ರಿ ಕರೆಯ ಸರದಿ ಹಾಕಿಕೊಡಿ. ವಾರದಲ್ಲಿ ಮೂರು ರಾತ್ರಿ ನನ್ನ ಫೋನ್ ಬಂದ್ ಇರಲಿ. ಆ ಮೂರು ರಾತ್ರಿಗಳಿಗೆ ನನಗೆ ದುಡ್ಡೂ ಬೇಡ.

ನಿವೃತ್ತಮಾಸ್ತರ_ಹುಮನಾಬಾದ್

ಎಲ್ಲರ ಮಾತುಗಳನ್ನೂ ಓದಿದೆ. ನಮ್ಮ ಭಾಗದಲ್ಲಿ ಈ ಚರ್ಚೆ ಎಲ್ಲಿ ನಡೆದರೂ ಕೊನೆಗೆ ಒಬ್ಬರು "ಕಾಯಕವೇ ಕೈಲಾಸ" ಎಂದು ಹೇಳಿ ಬಾಯಿ ಮುಚ್ಚಿಸುತ್ತಾರೆ. ಕಾರ್ಖಾನೆಯ ಗೋಡೆಯ ಮೇಲೂ ಅದನ್ನೇ ಬರೆಸಿರುತ್ತಾರೆ. ಬಸವಕಲ್ಯಾಣ ನನ್ನ ಮನೆಯಿಂದ ದೂರವಿಲ್ಲ, ಆದ್ದರಿಂದ ನಾಲ್ಕು ಮಾತು ಬರೆಯುತ್ತೇನೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದರು. ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ಆಸೆಯಿಂದ ಬಂದದ್ದು, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಕಳಿಸಿದರು. ಹನ್ನೆರಡನೆಯ ಶತಮಾನದಲ್ಲಿ, ಗಂಡನಿಗೆ, "ಇಂದಿನ ದುಡಿಮೆ ಇಷ್ಟು ಸಾಕು" ಎಂದು ಹೇಳಿದ ಹೆಣ್ಣುಮಗಳು ಆಕೆ. ಆಯ್ದಕ್ಕಿ ಲಕ್ಕಮ್ಮನನ್ನು ಪಾಠ ಮಾಡುವಾಗ ಆಕೆಯ ನಿಷ್ಠೆಯನ್ನಷ್ಟೇ ಹೇಳುತ್ತೇವೆ, ಈ "ಸಾಕು" ಎಂಬುದನ್ನು ಹೇಳುವುದಿಲ್ಲ. ಕಾಯಕಕ್ಕೆ ಮಿತಿ ಹಾಕಿದವರೂ ಶರಣರೇ. ಮತ್ತೊಬ್ಬರ ಕಾಯಕದಿಂದ ತಾನು ಗಂಟು ಕಟ್ಟುವುದನ್ನು ಅವರಲ್ಲಿ ಯಾರೂ ಕೈಲಾಸ ಎಂದು ಕರೆಯಲಿಲ್ಲ.

ನಮ್ಮ ತಂದೆ ಕಲಬುರಗಿಯ ಎಂಎಸ್‌ಕೆ ಮಿಲ್‌ನಲ್ಲಿ ನೇಯುತ್ತಿದ್ದರು. ಮಿಲ್‌ನ ಭೋಂಗಾ ಕೂಗಿದರೆ ಊರಿಗೆಲ್ಲ ಹೊತ್ತು ತಿಳಿಯುತ್ತಿತ್ತು. ಕೆಲಸ ಶುರು ಎಂದು ಕೂಗುತ್ತಿದ್ದ ಹಾಗೆಯೇ ಮುಗಿಯಿತು ಎಂದೂ ಅದು ಕೂಗುತ್ತಿತ್ತು. ಈಗಿನ ಮೊಬೈಲ್ ಶುರುವನ್ನು ಮಾತ್ರ ತಿಳಿಸುತ್ತದೆ.

ಸಿಶಿಫ್ಟ್_ಸೇಡಂ

ಗುರುಗಳೇ, ಲಕ್ಕಮ್ಮನ ಮಾತನ್ನು ನಮ್ಮ ಸಂಘದ ಸಭೆಯಲ್ಲಿ ಹೇಳುತ್ತೇನೆ. ನಮ್ಮ ಹುಡುಗರಿಗೆ ವಚನದಲ್ಲಿ ಇಂಥದೊಂದು ಇದೆ ಎಂದು ಯಾರೂ ಹೇಳಿರಲಿಲ್ಲ.

ಮುಂಗಾರು_ಕಲಬುರಗಿ

ಎಲ್ಲರ ಉತ್ತರಗಳನ್ನೂ ಮತ್ತೆ ಮತ್ತೆ ಓದಿದೆ. ಜೇವರ್ಗಿ ಅಣ್ಣನವರೇ, ನಿಮ್ಮ ಮಾತನ್ನು ಹಾಗೆಯೇ ಬಿಡಲಿಲ್ಲ. ಸಂಜೆ ನಾಲ್ಕರವರೆಗೆ ಒಬ್ಬರು ಅರ್ಜಿ ಸ್ವೀಕರಿಸುವಂತೆ ಸರದಿ ಹಾಕೋಣ ಎಂದು ನಮ್ಮ ಶಾಖೆಯಲ್ಲಿ ಪ್ರಸ್ತಾಪಿಸಿದೆ. ಅಂದು ನಾಲ್ಕರವರೆಗೆ ಕುಳಿತವರಿಗೆ ಮರುದಿನ ಬೆಳಿಗ್ಗೆ ಎರಡು ಗಂಟೆ ರಿಯಾಯಿತಿ. ಪಕ್ಕದ ಮೇಜಿನವರು ತಕ್ಷಣ ಒಪ್ಪಿದರು, ಇದನ್ನು ಹೇಳಲೇಬೇಕು. ಮೇಲಧಿಕಾರಿಗಳು ಲಿಖಿತವಾಗಿ ಕೊಡಿ ಎಂದಿದ್ದಾರೆ, ಕೊಟ್ಟಿದ್ದೇವೆ. ಆದೇಶ ಬರುವ ಮುನ್ನವೇ ಬೇಸಿಗೆ ಮುಗಿಯಬಹುದು, ಆದರೆ ಮುಂದಿನ ಏಪ್ರಿಲ್‌ಗೆ ಕಡತ ಇರುತ್ತದೆ.

ಒಂದು ಅಭಿಪ್ರಾಯಭೇದವನ್ನೂ ಹೇಳಿಬಿಡುತ್ತೇನೆ. ಆಶಾ ತಂಗಿ, "ದುಡ್ಡೂ ಬೇಡ" ಎನ್ನಬೇಡಿ. ಬಿಡುವಿಗಾಗಿ ದುಡ್ಡು ಬಿಡುವುದು ನಮ್ಮ ಹೆಣ್ಣುಮಕ್ಕಳಿಗೆ ಬಹಳ ಬೇಗ ಒಗ್ಗಿಹೋಗುತ್ತದೆ. ಸರದಿಯೂ ಬೇಕು, ಗೌರವಧನವೂ ಬೇಕು.

ವಾಡಿಯ ತಮ್ಮಾ, ಕಡಿಮೆ ಸಂಬಳಕ್ಕೂ ಬರುತ್ತೇನೆ ಎಂಬ ನಿಮ್ಮ ಮಾತಿಗೂ ಇದೇ ಉತ್ತರ. ಊರಲ್ಲಿ ಇರುವುದಕ್ಕೆ ಸಂಬಳ ಏಕೆ ಕಡಿಮೆಯಾಗಬೇಕು?

ಬೇಳೆಗಿರಣಿ

ವಕೀಲರೇ, ಒಂದು ಪ್ರಶ್ನೆ. ಗುತ್ತಿಗೆದಾರ ಕೂಲಿ ಸರಿಯಾಗಿ ಕೊಡದಿದ್ದರೆ ಹೊಣೆ ಯಾರದು? ಮಾಲೀಕರ ಮುಂದೆ ಮಾತನಾಡುವ ಮೊದಲು ನನಗೆ ಖಚಿತವಾಗಿ ತಿಳಿದಿರಬೇಕು.

ಗಂಜ್_ಹುಡುಗ

ಕೊಡಬೇಕಾದವನು ಗುತ್ತಿಗೆದಾರ. ಅವನು ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಕೆಲಸ ಮಾಡಿಸಿಕೊಂಡ ಮಾಲೀಕರೇ ಕೊಟ್ಟು, ಆಮೇಲೆ ಗುತ್ತಿಗೆದಾರನ ಬಿಲ್ಲಿನಲ್ಲಿ ಹಿಡಿದುಕೊಳ್ಳಬೇಕು. "ಗುತ್ತಿಗೆದಾರರೇ ನೋಡಿಕೊಳ್ಳುತ್ತಾರೆ" ಎಂದು ಕೈತೊಳೆದುಕೊಳ್ಳಲು ಕಾನೂನಿನಲ್ಲಿ ಜಾಗವಿಲ್ಲ. ಹಾಜರಿ ಪುಸ್ತಕದಲ್ಲಿ ಹೆಚ್ಚುವರಿ ಗಂಟೆಗಳನ್ನು ಅಂದಂದೇ ಬರೆಸಿ ಸರ್, ಉಳಿದದ್ದಕ್ಕೆ ಅದೇ ಆಧಾರ. ಇಷ್ಟು ಕೇಳಿದ್ದಕ್ಕೆ ನಿಮ್ಮ ಮೇಲೆ ಗೌರವ ಹೆಚ್ಚಿತು.

ರೊಟ್ಟಿಬುಟ್ಟಿ

ಜೇವರ್ಗಿ ಅಣ್ಣ ಎತ್ತಿನ ಸೋಮವಾರದ ವಿಷಯ ಬರೆದದ್ದನ್ನು ಮಗ ಓದಿ ಹೇಳಿದ. ನಮ್ಮ ತವರಿನಲ್ಲೂ ಹಾಗೆಯೇ ಇತ್ತು. ಮುಂದಿನ ವಾರದಿಂದ ಸೋಮವಾರ ಬಿಸಿ ರೊಟ್ಟಿಯ ಆರ್ಡರ್ ಇಲ್ಲ ಎಂದು ಮೆಸ್ಸಿನವರಿಗೆ ಹೇಳಿದ್ದೇನೆ. ಭಾನುವಾರವೇ ಖಡಕ್ ರೊಟ್ಟಿ ಹೆಚ್ಚು ಮಾಡಿ ಕೊಡುತ್ತೇನೆ. ಒಬ್ಬರು ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು, ನೋಡಿಕೊಳ್ಳಲಿ.

ಎರೆಹೊಲ_ಜೇವರ್ಗಿ

ಬಹಳ ಒಳ್ಳೆಯದಾಯಿತು ಅಕ್ಕ. ಸೋಮವಾರ ಮನೆಯ ರೊಟ್ಟಿ?

ರೊಟ್ಟಿಬುಟ್ಟಿ

ಅದೂ ಇಲ್ಲ. ಅಂದು ಅನ್ನ, ಬೇಳೆ ಸಾರು. ಇದನ್ನು ಬರೆಯುತ್ತಿರುವವನೇ ಮಾಡುತ್ತಾನೆ, ಕುಕ್ಕರ್ ಇಡುವುದನ್ನು ಕಲಿಸಿದ್ದೇನೆ.